ಹೊಸ ಈಜುಕೊಳದ ಮೊದಲ ತಿಂಗಳು

ಮಲೆನಾಡಿನ ಹೋಂಸ್ಟೇ ಎಂದರೆ ಈಗ ಕಾಫಿ ತೋಟ, ಕಡುಬು, ಮಳೆ ಇಷ್ಟೇ ಸಾಲದು. ಫೋಟೊದಲ್ಲಿ ನೀಲಿ ಈಜುಕೊಳವೂ ಕಾಣಬೇಕು. ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಸುತ್ತಿನ ತೋಟದ ಮನೆಗಳವರು ಸಾಲ ಮಾಡಿಯಾದರೂ ಒಂದು ಕೊಳ ಕಟ್ಟಿಸುತ್ತಿದ್ದಾರೆ. ಕಂಟ್ರಾಕ್ಟರು ಟೈಲ್ಸ್ ಹಾಕಿ, ಪಂಪು ಕೂರಿಸಿ, ನೀರಿನಡಿ ಬಣ್ಣದ ದೀಪ ಹೊತ್ತಿಸಿ, ಬಾಕಿ ದುಡ್ಡು ಎಣಿಸಿಕೊಂಡು ಹೊರಡುತ್ತಾರೆ. ವಾರ, ಹತ್ತು ದಿನ ಎಲ್ಲವೂ ಚೆಂದ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ನೀರು ಮಬ್ಬಾಗಿದೆ, ಮೂಲೆಯಲ್ಲಿ ಕಾಲಿಟ್ಟರೆ ಜಾರುತ್ತದೆ, ಶನಿವಾರಕ್ಕೆ ಎರಡು ಕುಟುಂಬದ ಬುಕಿಂಗ್ ಬೇರೆ ಇದೆ. ಫೋನು ಮಾಡಿದರೆ ಕಂಟ್ರಾಕ್ಟರು ಹೇಳುವುದು ಒಂದೇ ಮಾತು: ‘ಇನ್ನಷ್ಟು ಕ್ಲೋರಿನ್ ಹಾಕಿ ಸಾರ್.’

ಹಾಕಿದರೂ ನೀರು ತಿಳಿಯಾಗುವುದಿಲ್ಲ. ಕಾರಣ ಕ್ಲೋರಿನ್ ಡಬ್ಬಿಯಲ್ಲಿಲ್ಲ, ಗೋಡೆಯಲ್ಲಿದೆ.

ಹೊಸ ಸಿಮೆಂಟು ತಿಂಗಳುಗಟ್ಟಲೆ ನೀರಿಗೆ ಸುಣ್ಣ ಬಿಡುತ್ತಲೇ ಇರುತ್ತದೆ. ಟೈಲ್ಸ್ ಹಾಕಿದ್ದರೂ ಅವುಗಳ ಸಂದಿಯ ಗ್ರೌಟ್ ಸಿಮೆಂಟಿನದೇ. ಆ ಸುಣ್ಣದಿಂದ ನೀರಿನ ಪಿಎಚ್ ಏರುತ್ತದೆ. ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪದಲ್ಲಿ ಇರಬಲ್ಲದು. ರೋಗಾಣು ಮತ್ತು ಪಾಚಿಯನ್ನು ಚುರುಕಾಗಿ ಕೊಲ್ಲುವುದು ಹೈಪೋಕ್ಲೋರಸ್ ಆಮ್ಲ. ಇನ್ನೊಂದು ರೂಪವಾದ ಹೈಪೋಕ್ಲೋರೈಟ್ ಅದರ ಮುಂದೆ ಬಲು ಮಂದ. ಪಿಎಚ್ 7.2 ಇದ್ದಾಗ ಮೂರರಲ್ಲಿ ಎರಡು ಪಾಲು ಚುರುಕಿನ ರೂಪದಲ್ಲಿರುತ್ತದೆ. 7.5ಕ್ಕೆ ಅರ್ಧ, 8ಕ್ಕೆ ಕಾಲು ಭಾಗ, 8.5ಕ್ಕೆ ಹತ್ತರಲ್ಲಿ ಒಂದು ಪಾಲು. ಹೊಸ ಕೊಳದಲ್ಲಿ 8.5 ಅಪರೂಪವೇನಲ್ಲ. ಅಲ್ಲಿಗೆ ಸುರಿದ ಕ್ಲೋರಿನ್‌ನಲ್ಲಿ ಹೆಚ್ಚಿನದು ಸುಮ್ಮನೆ ಕೂತಿರುತ್ತದೆ. ಆದ್ದರಿಂದ ಮೊದಲ ತಿಂಗಳು ದಿನಕ್ಕೊಮ್ಮೆ ಪಿಎಚ್ ಅಳೆದು 7.2ರಿಂದ 7.6ರ ಒಳಗೆ ತರುವುದೇ ಮುಖ್ಯ ಕೆಲಸ. ಗೋಡೆ, ತಳವನ್ನು ಬ್ರಷ್‌ನಿಂದ ಉಜ್ಜುವುದು ಎರಡನೆಯದು. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರ ಕೊಂಡವರು ಆ ತಿಂಗಳು ಕಳೆಯುವವರೆಗೆ ಉಪ್ಪು ಸುರಿಯದೆ ಕಾಯುವುದು ವಾಸಿ.

ಅಡಿಕೆ ಬೆಳೆಗಾರರಿಗೆ ಇದು ಹೊಸ ವಿದ್ಯೆಯೇನೂ ಆಗಬೇಕಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವಾಗ, ಅಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆಸುವಾಗ, ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುವ ರೂಢಿ ಇದೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಹುಳಿ ಉಳಿದಿದೆ, ಸುಣ್ಣ ಇನ್ನಷ್ಟು ಬೇಕು ಎಂದು ಅರ್ಥ. ಹುಳಿ-ಕ್ಷಾರದ ತೂಕ ಸರಿಯಿಲ್ಲದಿದ್ದರೆ ಔಷಧಿ ಕೆಲಸ ಮಾಡುವುದಿಲ್ಲ, ಎಳೆ ಕಾಯಿಯೂ ಸುಡಬಹುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅಂಥವರೇ ಕೊಳದ ಹತ್ತಿರ ಬಂದಾಗ ಅಳೆಯುವುದನ್ನು ಮರೆತು, ಗೋದಾಮಿನಲ್ಲಿ ಉಳಿದ ಮೈಲುತುತ್ತವನ್ನು ಪಾಚಿಗೆಂದು ನೀರಿಗೆ ಎರಚುವುದೂ ಉಂಟು. ಪಾಚಿ ಸಾಯುತ್ತದೆ ನಿಜ. ಆದರೆ ತಾಮ್ರ ನೀರಿನಲ್ಲೇ ಉಳಿದು, ಪಿಎಚ್ ಏರಿದ ದಿನ ಗ್ರೌಟಿನ ಮೇಲೆ ನೀಲಿ-ಕಪ್ಪು ಕಲೆಯಾಗಿ ಕೂರುತ್ತದೆ. ಅದನ್ನು ತೆಗೆಯಲು ಆಗುವ ಖರ್ಚಿನಲ್ಲಿ ವರ್ಷಕ್ಕಾಗುವಷ್ಟು ಕ್ಲೋರಿನ್ ಬರುತ್ತದೆ.

ಇನ್ನು ನೀರಿನ ಹುಟ್ಟು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಪೂರ್ವ ಭಾಗದ ಕೊಳವೆಬಾವಿಗಳದ್ದು ಗಡಸು ನೀರು. ಅದು ನೀರಿನ ಗೆರೆಗುಂಟ ಟೈಲ್ಸ್ ಮೇಲೆ ಬಿಳಿ ಪಟ್ಟಿ ಬಿಡುತ್ತದೆ, ಫಿಲ್ಟರಿನ ಮರಳನ್ನು ಗಟ್ಟಿ ಹೆಂಟೆ ಮಾಡುತ್ತದೆ. ಮಲೆನಾಡಿನದು ಇದಕ್ಕೆ ತದ್ವಿರುದ್ಧ. ಜಂಬಿಟ್ಟಿಗೆ ಮಣ್ಣಿನ ಬಾವಿಯ ನೀರು ಮೆದು, ತುಸು ಹುಳಿ, ಹಲವು ಕಡೆ ಕಬ್ಬಿಣದ ಅಂಶವೂ ಇರುತ್ತದೆ. ತುಂಬುವಾಗ ಕನ್ನಡಿಯಂತಿದ್ದ ನೀರು ಮೊದಲ ಕ್ಲೋರಿನ್ ಬಿದ್ದ ಗಂಟೆಯಲ್ಲಿ ಕಂದಾಗುವುದು ಈ ಕಬ್ಬಿಣದಿಂದಲೇ. ಮೆದು ನೀರಿನ ಇನ್ನೊಂದು ತೊಂದರೆ ಕಣ್ಣಿಗೆ ಬೀಳದ್ದು: ತನಗೆ ಬೇಕಾದ ಸುಣ್ಣವನ್ನು ಅದು ಗ್ರೌಟಿನಿಂದ ಎಳೆದುಕೊಳ್ಳುತ್ತದೆ. ಎರಡು ಮೂರು ವರ್ಷದಲ್ಲಿ ಟೈಲ್ಸ್ ಸಂದಿ ಟೊಳ್ಳಾಗುತ್ತದೆ. ನೀರು ಸುಣ್ಣವನ್ನು ಕರಗಿಸುವುದೋ, ಕಕ್ಕುವುದೋ ಎಂದು ಮೊದಲೇ ಹೇಳುವ ಲೆಕ್ಕವೊಂದನ್ನು ಕ್ಯಾಲಿಫೋರ್ನಿಯಾದ ವಿಲ್ಫ್ರೆಡ್ ಲ್ಯಾಂಗೆಲಿಯರ್ 1936ರಲ್ಲಿ ಕೊಟ್ಟರು. ಊರಿಗೆ ನೀರು ಕೊಡುವ ಕೊಳವೆಗಳು ಸವೆಯದಿರಲೆಂದು ಮಾಡಿದ ಆ ಸೂಚ್ಯಂಕವೇ ಇವತ್ತು ಈಜುಕೊಳದವರಿಗೂ ಆಧಾರ. ಪಿಎಚ್, ಉಷ್ಣತೆ, ಕ್ಷಾರೀಯತೆ, ಕ್ಯಾಲ್ಸಿಯಂ ಗಡಸುತನ, ಕರಗಿದ ಲವಣ ಎಲ್ಲವೂ ಅದರಲ್ಲಿ ಸೇರುತ್ತವೆ. ಮನೆಯ ಕೊಳಕ್ಕೆ ಅಷ್ಟು ಗಣಿತ ಬೇಡ: ಕ್ಷಾರೀಯತೆ 80ರಿಂದ 120 ಪಿಪಿಎಂ, ಕ್ಯಾಲ್ಸಿಯಂ ಗಡಸುತನ 200ರಿಂದ 400 ಪಿಪಿಎಂ ಒಳಗಿದ್ದರೆ ಸಾಕು.

ಲೆಕ್ಕ ಹಾಕುವುದು ಕಷ್ಟವಲ್ಲ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳದಲ್ಲಿ 70,000 ಲೀಟರ್ ನೀರು ಹಿಡಿಸುತ್ತದೆ. ಇದರಲ್ಲಿ ಒಂದು ಪಿಪಿಎಂ ಎಂದರೆ 70 ಗ್ರಾಂ. ಎರಡು ಪಿಪಿಎಂ ಕ್ಲೋರಿನ್‌ಗೆ 140 ಗ್ರಾಂ ಬೇಕು. ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ಸುಮಾರು 215 ಗ್ರಾಂ. ಮಲೆನಾಡಿನ ಮೆದು ನೀರಿನ ಕ್ಷಾರೀಯತೆ 30 ಇದ್ದು ಅದನ್ನು 80ಕ್ಕೆ ಏರಿಸಬೇಕಾದರೆ ಆರು ಕಿಲೊದಷ್ಟು ಅಡುಗೆ ಸೋಡಾ. ಹೌದು, ಅದೇ ಅಡುಗೆ ಸೋಡಾ. ಮೂಟೆಯಲ್ಲಿ ಕೊಂಡರೆ ಅಗ್ಗ. ಇದನ್ನು ಮೊದಲು ಸರಿಮಾಡಬೇಕು, ಏಕೆಂದರೆ ಕ್ಷಾರೀಯತೆ ಕಡಿಮೆಯಿದ್ದರೆ ಪಿಎಚ್ ಒಂದು ಕಡೆ ನಿಲ್ಲುವುದೇ ಇಲ್ಲ, ಬೆಳಿಗ್ಗೆ ಒಂದು ಸಂಜೆ ಇನ್ನೊಂದು. ಆಮೇಲೆ ಆಸಿಡ್ ಹಾಕಿ ಪಿಎಚ್ ಇಳಿಸುವುದು. ಬಕೆಟ್ಟಿನ ನೀರಿಗೆ ಆಸಿಡ್ ಸುರಿಯಬೇಕೇ ಹೊರತು ಆಸಿಡ್‌ಗೆ ನೀರಲ್ಲ. ಕ್ಲೋರಿನ್ ಸರದಿ ಕೊನೆಗೆ.

ಯಾವ ಕ್ಲೋರಿನ್? ಅಂಗಡಿಯವರು ಕೈಗಿಡುವುದು ಹೆಚ್ಚಾಗಿ ಶೇ 90ರ ಟಿಸಿಸಿಎ (ಟ್ರೈಕ್ಲೋರೋಐಸೋಸಯನ್ಯೂರಿಕ್ ಆಮ್ಲ). ಬಿಸಿಲಿಗೆ ಬರಿ ಕ್ಲೋರಿನ್ ನಿಲ್ಲುವುದಿಲ್ಲ, ಎರಡೇ ಗಂಟೆಯಲ್ಲಿ ಬಹುಪಾಲು ಹಾರಿಹೋಗುತ್ತದೆ. ಟಿಸಿಸಿಎಯಲ್ಲಿ ಬರುವ ಸಯನ್ಯೂರಿಕ್ ಆಮ್ಲ ಅದಕ್ಕೆ ನೆರಳು ಕೊಡುತ್ತದೆ. 30ರಿಂದ 50 ಪಿಪಿಎಂವರೆಗೆ ಈ ನೆರಳು ಬೇಕು. ಆದರೆ ಕ್ಲೋರಿನ್ ಖರ್ಚಾದಂತೆ ಇದು ಖರ್ಚಾಗುವುದಿಲ್ಲ, ಕೂಡುತ್ತಾ ಹೋಗುತ್ತದೆ. ಪ್ರತಿ ಹತ್ತು ಪಿಪಿಎಂ ಕ್ಲೋರಿನ್ ಜೊತೆ ಆರು ಪಿಪಿಎಂ ಸಯನ್ಯೂರಿಕ್ ಬರುವುದರಿಂದ, ಇದೊಂದನ್ನೇ ದಿನಾ ಹಾಕಿದರೆ ಒಂದು ಬೇಸಿಗೆ ಮುಗಿಯುವಷ್ಟರಲ್ಲಿ 100 ದಾಟಬಹುದು. ಆಗ ಪರೀಕ್ಷೆಯಲ್ಲಿ ಕ್ಲೋರಿನ್ ಕಾಣುತ್ತದೆ, ಪಾಚಿಯೂ ಕಾಣುತ್ತದೆ. ಇಳಿಸಲು ಇರುವ ಮನೆಮದ್ದು ಒಂದೇ, ಅರ್ಧ ನೀರು ಬದಲಿಸುವುದು. ಮುಂಗಾರಿನಲ್ಲಿ ಕೊಳ ತುಂಬಿ ಹರಿಯುವ ಮಲೆನಾಡಿಗೆ ಇದು ಸುಲಭ. ನೀರಿಗೆ ಬರವಿರುವ ಊರಿಗೆ ಅಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತ್ತು. ಟಿಸಿಸಿಎ ಹಾಕಿದ ಚಮಚವನ್ನು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಡಬ್ಬಿಗೆ ಅದ್ದಬಾರದು ಎಂಬುದನ್ನು ಮಾತ್ರ ಪಂಪ್ ಮನೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿಸಿ. ಎರಡೂ ಕ್ಲೋರಿನ್ನೇ ಆದರೂ ಬೆರೆತರೆ ಬೆಂಕಿ ಹತ್ತಬಹುದು, ಸ್ಫೋಟಿಸಲೂಬಹುದು. ಆಸಿಡ್ ತಾಗಿದರೆ ವಿಷಾನಿಲ.

ಔಷಧಿಗಳ ನಡುವಿನ ಜಗಳಕ್ಕೆ ಜಗತ್ತೇ ನೋಡಿದ ಉದಾಹರಣೆ 2016ರ ರಿಯೊ ಒಲಿಂಪಿಕ್ಸ್. ಮರಿಯಾ ಲೆಂಕ್ ಈಜು ಕೇಂದ್ರದ ಡೈವಿಂಗ್ ಕೊಳ ರಾತ್ರಿ ಬೆಳಗಾಗುವುದರೊಳಗೆ ಹಸಿರಾಯಿತು, ಪಕ್ಕದ ವಾಟರ್ ಪೋಲೊ ಕೊಳವೂ ಅದನ್ನೇ ಹಿಂಬಾಲಿಸಿತು. ಏನೇನೋ ಸಮಜಾಯಿಷಿ ಬಂದ ಮೇಲೆ ಹೊರಬಿದ್ದ ಸಂಗತಿ: ಉದ್ಘಾಟನೆಯ ದಿನ ಗುತ್ತಿಗೆದಾರರು 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರು. ಪೆರಾಕ್ಸೈಡ್ ಕೂಡ ನೀರು ಶುದ್ಧಿ ಮಾಡುವ ವಸ್ತುವೇ. ಆದರೆ ಅದು ಕ್ಲೋರಿನ್ನನ್ನು ತಟಸ್ಥಗೊಳಿಸುತ್ತದೆ. ಕ್ಲೋರಿನ್ ಹೋಯಿತು, ಪಾಚಿ ಬಂತು. ಕೊನೆಗೆ ಒಂದು ಕೊಳ ಬರಿದು ಮಾಡಿ ಅಭ್ಯಾಸದ ಕೊಳದ ನೀರನ್ನು ತುಂಬಿಸಬೇಕಾಯಿತು.

ಕ್ಲೋರಿನ್ ವಾಸನೆ ಗಾಢವಾಗಿ ಬಂದರೆ ‘ಚೆನ್ನಾಗಿ ಔಷಧಿ ಹಾಕಿದ್ದಾರೆ’ ಎಂದು ಮೆಚ್ಚುವ ಅತಿಥಿಗಳಿದ್ದಾರೆ. ಮೂಗಿಗೆ ಹೊಡೆಯುವುದು ಕ್ಲೋರಿನ್ ಅಲ್ಲ, ಬೆವರು ಮತ್ತು ಮೂತ್ರದ ಜೊತೆ ಅದು ಸೇರಿ ಆದ ಕ್ಲೋರಮಿನ್. ಕಣ್ಣುರಿಗೂ ಮುಖ್ಯ ಕಾರಣ ಅದೇ. ಇಲ್ಲಿ ಪರೀಕ್ಷೆಯ ಕಿಟ್ ಬಗ್ಗೆಯೂ ಒಂದು ಮಾತು. ಅಗ್ಗದ ಹಳದಿ ಬಣ್ಣದ ಕಿಟ್ ದುಡಿಯುವ ಕ್ಲೋರಿನ್ನನ್ನೂ ಕ್ಲೋರಮಿನ್ನನ್ನೂ ಒಟ್ಟಿಗೆ ಎಣಿಸುತ್ತದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ಅದಕ್ಕೂ ಒಂದು ಕುಂದು: ಕ್ಲೋರಿನ್ ವಿಪರೀತ ಇದ್ದರೆ ಗುಲಾಬಿಯೇ ಬಿಳಿಚಿಕೊಂಡು ಸೊನ್ನೆ ಎಂದು ತೋರುತ್ತದೆ, ನೋಡಿದವರು ಇನ್ನಷ್ಟು ಸುರಿಯುತ್ತಾರೆ. ಅನುಮಾನ ಬಂದರೆ ಶುದ್ಧ ನೀರು ಸೇರಿಸಿ ತೆಳುಮಾಡಿ ಮತ್ತೆ ನೋಡಬೇಕು. ನೀರಿನಡಿಯ ದೀಪಕ್ಕೆ ಹಣ ಸುರಿದವರು ಒಳ್ಳೆಯ ಕಿಟ್‌ಗೆ ಚೌಕಾಸಿ ಮಾಡುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಔಷಧಿ ಕೊಂದದ್ದನ್ನು ಹೊರಗೆ ಹಾಕುವುದು ಫಿಲ್ಟರು. ನಮ್ಮ ಕಡೆ ಬಹುತೇಕ ಮರಳಿನ ಫಿಲ್ಟರುಗಳೇ. ಕೊಳದ ನೀರಷ್ಟೂ ಒಮ್ಮೆ ಫಿಲ್ಟರಿನಲ್ಲಿ ಹಾದರೆ ಎಲ್ಲ ಸೋಸಿದಂತೆ ಎಂದುಕೊಳ್ಳುವುದು ತಪ್ಪು. ಸೋಸಿದ್ದು ಸೋಸದ್ದರ ಜೊತೆ ಬೆರೆಯುತ್ತಲೇ ಇರುವುದರಿಂದ, ಒಂದು ಸುತ್ತಿಗೆ ಫಿಲ್ಟರು ಕಾಣುವುದು ಶೇ 63ರಷ್ಟು ನೀರನ್ನು ಮಾತ್ರ. ಎರಡು ಸುತ್ತಿಗೆ 86, ಮೂರಕ್ಕೆ 95, ನಾಲ್ಕಕ್ಕೆ 98. ಮೇಲಿನ 70,000 ಲೀಟರಿನ ಕೊಳಕ್ಕೆ ಗಂಟೆಗೆ 12,000 ಲೀಟರ್ ಎತ್ತುವ ಪಂಪಿದ್ದರೆ ಒಂದು ಸುತ್ತಿಗೆ ಆರು ಗಂಟೆ ಹತ್ತಿರ. ಕರೆಂಟ್ ಬಿಲ್ಲಿಗೆ ಹೆದರಿ ದಿನಕ್ಕೆ ಎರಡು ಗಂಟೆ ಪಂಪ್ ಓಡಿಸುವವರ ಕೊಳ ಹಸಿರಾಗುವುದರಲ್ಲಿ ಆಶ್ಚರ್ಯವಿಲ್ಲ.

ಹೊಸ ಕೊಳದಲ್ಲಿ ಸಿಮೆಂಟು ಧೂಳು, ಟೈಲ್ಸ್ ಪುಡಿ ಎಲ್ಲ ಮೊದಲ ವಾರಗಳಲ್ಲೇ ಮರಳಿಗೆ ಬರುತ್ತವೆ. ಮರಳು ಹೊಸದಿದ್ದಾಗ ಪ್ರೆಷರ್ ಗೇಜಿನ ಮುಳ್ಳು ಎಲ್ಲಿ ನಿಲ್ಲುತ್ತದೋ ಅದನ್ನು ಟ್ಯಾಂಕಿನ ಮೈಮೇಲೆ ಮಾರ್ಕರ್‌ನಲ್ಲಿ ಬರೆದಿಡಬೇಕು. ಅಲ್ಲಿಂದ 8ರಿಂದ 10 ಪಿಎಸ್‌ಐ ಏರಿದರೆ ಬ್ಯಾಕ್‌ವಾಷ್ ಸಮಯ, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳು ತೊಳೆಯುವ ಸಮಯ. ದಿನಾ ಬೆಳಿಗ್ಗೆ ಬ್ಯಾಕ್‌ವಾಷ್ ಮಾಡುವ ಅತಿ ಶಿಸ್ತೂ ಬೇಡ. ತುಸು ಕೊಳೆ ಹಿಡಿದ ಮರಳು ಹೊಸ ಮರಳಿಗಿಂತ ಸಣ್ಣ ಕಣಗಳನ್ನು ಹಿಡಿಯುತ್ತದೆ. ಪಂಪ್ ಓಡುತ್ತಿರುವಾಗ ವಾಲ್ವಿನ ಹಿಡಿ ತಿರುಗಿಸಲೇಬಾರದು, ಒಳಗಿನ ಗ್ಯಾಸ್ಕೆಟ್ ಹರಿದರೆ ಕೊಳದ ನೀರು ಗೊತ್ತಾಗದಂತೆ ಡ್ರೈನಿಗೆ ಸೋರುತ್ತದೆ. ನಿಲ್ಲಿಸಿ, ಹಿಡಿ ತಿರುಗಿಸಿ, ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಎರಡು ಮೂರು ನಿಮಿಷ ಬ್ಯಾಕ್‌ವಾಷ್. ಮತ್ತೆ ನಿಲ್ಲಿಸಿ, ರಿನ್ಸ್‌ಗೆ ತಿರುಗಿಸಿ ಅರ್ಧ ನಿಮಿಷ. ರಿನ್ಸ್ ಬಿಟ್ಟರೆ ಸಡಿಲಾದ ಕೊಳೆ ವಾಪಸ್ ಕೊಳಕ್ಕೇ ಬರುತ್ತದೆ. ಮಬ್ಬು ಹೋಗದಿದ್ದಾಗ ಆಲಂ ಹಾಕಿ ಪಂಪ್ ಆರಿಸಿ, ರಾತ್ರಿಯಿಡೀ ಬಿಟ್ಟು, ತಳದ ಗಸಿಯನ್ನು ಬೆಳಿಗ್ಗೆ ನೇರ ಹೊರಗೆ ಎಳೆಯುವುದು ಕೆಲಸಗಾರರ ಹಳೆಯ ಕ್ರಮ. ಒಳ್ಳೆಯದೇ, ಆದರೆ ಆಲಂ ಕ್ಷಾರೀಯತೆಯನ್ನು ತಿನ್ನುತ್ತದೆ. ಮರುದಿನ ಅಡುಗೆ ಸೋಡಾದ ಲೆಕ್ಕ ಮತ್ತೆ ನೋಡಬೇಕು.

ಮರಳು ಐದರಿಂದ ಏಳು ವರ್ಷ ಬಾಳುತ್ತದೆ. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಕೈಯಾಡಿಸಿ ನೋಡಿ. ಮಣ್ಣಿನುಂಡೆ ಸಿಕ್ಕರೆ, ಬಿರುಕಿನಂತೆ ದಾರಿ ಬಿದ್ದಿದ್ದರೆ, ನೀರು ಸೋಸದೆ ಆ ದಾರಿಯಲ್ಲೇ ಓಡುತ್ತಿದೆ ಎಂದರ್ಥ. ಪ್ರತಿ ಬ್ಯಾಕ್‌ವಾಷ್‌ಗೆ ಐನೂರು ಆರುನೂರು ಲೀಟರ್ ನೀರು ಹೊರಬೀಳುತ್ತದೆ. ಅದನ್ನು ನೇರ ಹಳ್ಳಕ್ಕೆ ಬಿಟ್ಟರೆ ಕ್ಲೋರಿನ್ನಿಗೆ ಮೀನು, ಕಪ್ಪೆಮರಿ ಉಳಿಯುವುದಿಲ್ಲ. ಪಂಪ್ ಮನೆಯ ಹಿಂದೆ ಬಿಸಿಲು ಬೀಳುವ ಕಡೆ ಒಂದು ಗುಂಡಿ ತೋಡಿಸಿ ಎರಡು ದಿನ ನಿಲ್ಲಿಸಿ, ಕಿಟ್‌ನಲ್ಲಿ ಕ್ಲೋರಿನ್ ಸೊನ್ನೆ ತೋರಿದ ಮೇಲೆ ಅಡಿಕೆ ಬುಡಕ್ಕೆ ಬಿಡಬಹುದು. ಮೈಲುತುತ್ತ ಹಾಕಿದ ಅಥವಾ ಉಪ್ಪಿನ ಯಂತ್ರವಿರುವ ಕೊಳದ ನೀರನ್ನು ಮಾತ್ರ ತೋಟಕ್ಕೆ ಹಾಯಿಸಬೇಡಿ.