ಗಣಕದ ತೆರೆ: ಇಂದು ಮತ್ತು ನಾಳೆ

ತೆರೆ ಎಂಬ ಮಾತು ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕಡಲಿನಲ್ಲಿ ಏಳುವುದೂ ತೆರೆ, ನಾಟಕದಲ್ಲಿ ಪಾತ್ರಧಾರಿಯನ್ನು ಮರೆಮಾಡುವ ಬಟ್ಟೆಯೂ ತೆರೆ. ಮರೆಮಾಡುವುದಕ್ಕಾಗಿ ಹುಟ್ಟಿದ ಈ ಪದ ಇಂದು ಸಕಲವನ್ನೂ ತೋರಿಸುವ ಗಾಜಿನ ಫಲಕಕ್ಕೆ ಹೆಸರಾಗಿ ನಿಂತಿರುವುದು ಭಾಷೆಯ ವೈಚಿತ್ರ್ಯಗಳಲ್ಲಿ ಒಂದು. ವ್ಯಾಕರಣ, ಛಂದಸ್ಸುಗಳನ್ನು ಗುರುಮುಖದಿಂದ ಕಲಿತು, ಅವನ್ನೇ ಮಕ್ಕಳಿಗೆ ಕಲಿಸುತ್ತ ಬಂದಿರುವ ಪಂಡಿತನಿಗೆ ಗಣಕಯಂತ್ರದ ತೆರೆಯ ಗೊಡವೆ ಏಕೆಂದು ಸಹೃದಯ ವಾಚಕರು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಒಂದು ಚಿಕ್ಕ ಪ್ರಸಂಗದಲ್ಲಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಗಣಕ ಕೊಠಡಿಯಲ್ಲಿ ದಾನವಾಗಿ ಬಂದಿದ್ದ ಹಳೆಯ, ಹೊಟ್ಟೆಯುಬ್ಬಿದ ಮಾನಿಟರುಗಳಿದ್ದವು. ಒಂದು ದಿನ ಏಳನೆಯ ತರಗತಿಯ ಬಾಲಕನೊಬ್ಬನಿಗೆ ತೆರೆಯ ಮೇಲಿದ್ದ ಪಾಠವನ್ನು ಓದಲು ಹೇಳಿದೆ. ಅವನು "ಅಗಸನ ಮನೆಯಲ್ಲಿ ಒಂದು ಕತೆ ಇತ್ತು" ಎಂದು ಗಟ್ಟಿಯಾಗಿ ಓದಿದನು. ಇತರ ಮಕ್ಕಳು ಗೊಳ್ಳೆಂದು ನಕ್ಕರು. ನಾನು ಗದರಿಸಲು ಹತ್ತಿರ ಹೋಗಿ ನೋಡಿದರೆ, ತಕಾರದ ಒತ್ತು ಇದ್ದ ಸ್ಥಳದಲ್ಲಿ ಮಸುಕಾದ ಎರಡು ಚುಕ್ಕೆಗಳ ಹೊರತು ಏನೂ ಇರಲಿಲ್ಲ. ಕತ್ತೆಯನ್ನು ಕತೆಯಾಗಿಸಿದವನು ಬಾಲಕನಲ್ಲ, ತೆರೆ. ಅಂದಿನಿಂದ ಈ ವಸ್ತುವಿನ ಬಗೆಗೆ ವಿಜ್ಞಾನಾಧ್ಯಾಪಕ ಮಿತ್ರರಿಂದ ಕೇಳಿ, ಓದಿ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಆ ಹಳೆಯ ಮಾನಿಟರಿನ ಮೂಲಪುರುಷ ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಂಡ್ ಬ್ರೌನ್. 1897ರಲ್ಲಿ ಅವನು ರೂಪಿಸಿದ ಕ್ಯಾಥೋಡ್ ಕಿರಣ ನಳಿಕೆಯೇ ಮುಂದೆ ಟೆಲಿವಿಷನ್ನಿನ ಮತ್ತು ಗಣಕದ ಕಣ್ಣಾಯಿತು. ಗಾಳಿಯನ್ನು ಹೊರದೂಡಿದ ಗಾಜಿನ ಬುರುಡೆಯ ಹಿಂದಿನ ತುದಿಯಿಂದ ಎಲೆಕ್ಟ್ರಾನುಗಳ ಧಾರೆ ಚಿಮ್ಮಿ, ಮುಂದಿನ ಗಾಜಿಗೆ ಒಳಗಿನಿಂದ ಬಳಿದ ರಂಜಕ ಲೇಪಕ್ಕೆ ಬಡಿಯುತ್ತದೆ. ಬಡಿದ ಕಡೆ ಲೇಪ ಹೊಳೆಯುತ್ತದೆ. ಧಾರೆಯು ಸಾಲುಸಾಲಾಗಿ ತೆರೆಯನ್ನೆಲ್ಲ ಕ್ಷಣಾರ್ಧದಲ್ಲಿ ಸುತ್ತಿ ಬರುವುದರಿಂದ ಕಣ್ಣಿಗೆ ಅಖಂಡ ಚಿತ್ರ ಕಾಣುತ್ತದೆ. ಒಳಗೆ ಹುಟ್ಟುವ ಎಕ್ಸ್-ಕಿರಣಗಳನ್ನು ತಡೆಯಲು ಗಾಜಿನಲ್ಲಿ ಸೀಸವನ್ನು ಬೆರೆಸುತ್ತಿದ್ದರು. ಭಾರಕ್ಕೆ ಗಾಜು ಕಾರಣವಾದರೆ, ಒಡೆದು ಬಿಸುಟಾಗ ನೆಲಕ್ಕೆ ಆಗುವ ಕೇಡಿಗೆ ಆ ಸೀಸವೇ ಕಾರಣ.

ಈ ನಳಿಕೆಯನ್ನು ಮೂಲೆಗೆ ಸರಿಸಿದ್ದು ದ್ರವಸ್ಫಟಿಕ. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರನು ಒಂದು ವಸ್ತುವನ್ನು ಕಾಯಿಸುವಾಗ ಅದು ಎರಡು ಬಾರಿ ಕರಗಿದಂತೆ ತೋರುವುದನ್ನು ಕಂಡನು: ಮೊದಲು ಮಬ್ಬಾದ ದ್ರವ, ಇನ್ನಷ್ಟು ಕಾಯಿಸಿದರೆ ತಿಳಿಯಾದ ದ್ರವ. ಆ ಮಬ್ಬು ಸ್ಥಿತಿಯಲ್ಲಿ ಅಣುಗಳು ನೀರಿನಂತೆ ಹರಿದರೂ ಹರಳಿನಂತೆ ಒಂದು ಶಿಸ್ತನ್ನು ಪಾಲಿಸುತ್ತವೆ. ಎಂಬತ್ತು ವರ್ಷಗಳ ಬಳಿಕ, 1968ರಲ್ಲಿ, ಅಮೆರಿಕದ ಆರ್‌ಸಿಎ ಸಂಸ್ಥೆಯ ಜಾರ್ಜ್ ಹೈಲ್‌ಮೈಯರ್ ಮತ್ತು ಸಂಗಡಿಗರು ಈ ಗುಣವನ್ನು ಬಳಸಿ ಮಾಡಿದ ಪ್ರದರ್ಶಕ ಫಲಕವನ್ನು ಲೋಕದ ಮುಂದಿಟ್ಟರು.

ಈ ಕಥನದಲ್ಲಿ ಕರ್ನಾಟಕಕ್ಕೂ ಗೌರವದ ಸ್ಥಾನವಿದೆ. ದ್ರವಸ್ಫಟಿಕದ ಅಣುಗಳು ಕಡ್ಡಿಯ ಆಕಾರದಲ್ಲಿರಬೇಕೆಂಬ ನಂಬಿಕೆ ಇದ್ದ ಕಾಲದಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶ್ರೀ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕಗಳಾಗಬಲ್ಲವೆಂದು ತೋರಿಸಿಕೊಟ್ಟರು. 1977ರಲ್ಲಿ ಈ ಶೋಧ ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಎಂಬ ಪತ್ರಿಕೆಯಲ್ಲಿ. ತರ್ಕಶಾಸ್ತ್ರವನ್ನು ಓದಿದವರಿಗೆ ಈ ಹೆಸರು ಎಷ್ಟು ಅನ್ವರ್ಥವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದಿಂದ ನೋಡಿದಾಗ ಚಿತ್ರ ಕಂದುತ್ತಿದ್ದ ದೋಷವನ್ನು ನೀಗಲು ಮುಂದೆ ಇಂತಹ ತಟ್ಟೆಯಣುಗಳಿಂದ ಮಾಡಿದ ತೆಳುಪೊರೆಗಳನ್ನು ಮಾನಿಟರುಗಳಲ್ಲಿ ಬಳಸಿದರು.

ಇಂದು ಮೇಜುಗಳ ಮೇಲೆ ಕಾಣುವ ತೆರೆಗಳಲ್ಲಿ ಹೆಚ್ಚಿನವು ದ್ರವಸ್ಫಟಿಕದವೇ. ಇವು ತಾವಾಗಿ ಬೆಳಗುವುದಿಲ್ಲ. ಹಿಂದೆ ದೀಪವಿದೆ, ಮುಂದೆ ಲಕ್ಷಾಂತರ ಸೂಕ್ಷ್ಮ ಕಿಟಕಿಗಳಿವೆ. ಈ ಕಿಟಕಿಗಳ ಕದವೇ ದ್ರವಸ್ಫಟಿಕ. ವಿದ್ಯುತ್ತಿನ ಅಂಕೆಗೆ ತಕ್ಕಂತೆ ಅಣುಗಳು ಹೊರಳಿ ಬೆಳಕನ್ನು ಬಿಡುತ್ತವೆ ಅಥವಾ ತಡೆಯುತ್ತವೆ. ಕೆಂಪು, ಹಸುರು, ನೀಲಿಯ ಸೋಸುಗಗಳು ಬಣ್ಣವನ್ನು ಕೊಡುತ್ತವೆ. ಆದರೆ ಕದ ಎಷ್ಟು ಬಿಗಿಯಾಗಿ ಮುಚ್ಚಿದರೂ ಹಿಂದಿನ ದೀಪದ ಬೆಳಕು ಕೊಂಚ ಸೋರುತ್ತದೆ. ಆದುದರಿಂದ ಇಲ್ಲಿ ಕಪ್ಪು ಅಪ್ಪಟ ಕಪ್ಪಲ್ಲ. ಅಲ್ಲದೆ ದೀಪ ಹೊಮ್ಮಿಸುವ ಬೆಳಕಿನಲ್ಲಿ ಬಹುಪಾಲು ದಾರಿಯಲ್ಲೇ ವ್ಯಯವಾಗುತ್ತದೆ.

ಈ ಎರಡು ಕೊರತೆಗಳ ನಿವಾರಣೆಗಾಗಿ ನಾಳಿನ ತೆರೆಯ ಶೋಧ ನಡೆದಿದೆ. ಒಂದು ದಾರಿ ಓಎಲ್ಇಡಿ. 1987ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಇದಕ್ಕೆ ತಳಹದಿ ಹಾಕಿದರು. ಇಲ್ಲಿ ಸಾವಯವ ವಸ್ತುವಿನ ತೆಳುಪದರವೇ ವಿದ್ಯುತ್ತಿನಿಂದ ಬೆಳಗುತ್ತದೆ; ಪ್ರತಿಯೊಂದು ಚುಕ್ಕೆಯೂ ತನಗೆ ತಾನೇ ದೀಪ. ಆರಿಸಿದರೆ ಪೂರ್ಣ ಕತ್ತಲೆ. ಹಿಂಬದಿಯ ದೀಪ ಬೇಡವಾದುದರಿಂದ ತೆರೆಯನ್ನು ಕಾಗದದಂತೆ ಮಡಿಸಲೂ ಬಹುದು. ಮಡಿಸುವ ದೂರವಾಣಿಗಳು 2019ರಿಂದ ಮಾರುಕಟ್ಟೆಯಲ್ಲಿ ಹರಡತೊಡಗಿವೆ. ಆದರೆ ಈ ವಸ್ತುಗಳು ಕ್ರಮೇಣ ಸವೆಯುತ್ತವೆ, ಅದರಲ್ಲಿಯೂ ನೀಲಿ ಬೇಗ ಸವೆಯುತ್ತದೆ. ಒಂದೇ ಚಿತ್ರವನ್ನು ದೀರ್ಘಕಾಲ ನಿಲ್ಲಿಸಿದರೆ ಅದರ ನೆರಳು ಶಾಶ್ವತವಾಗಿ ಉಳಿದುಬಿಡುವ ಭಯವೂ ಇದೆ.

ಎರಡನೆಯ ದಾರಿ ಮೈಕ್ರೋ ಎಲ್ಇಡಿ. ನೀಲಿ ಎಲ್ಇಡಿಯ ಶೋಧಕ್ಕಾಗಿ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆತುದು ವಾಚಕರಿಗೆ ನೆನಪಿರಬಹುದು. ಅಂತಹ ದೀಪಗಳನ್ನೇ ಕಣ್ಣಿಗೆ ಕಾಣದಷ್ಟು ಕಿರಿದಾಗಿಸಿ ಒಂದೊಂದು ಚುಕ್ಕೆಗೂ ಕೂಡಿಸುವುದು ಈ ಮಾರ್ಗ. ಕಾಂತಿ ಹೆಚ್ಚು, ಆಯುಷ್ಯವೂ ಹೆಚ್ಚು. ತೊಡಕಿರುವುದು ಜೋಡಣೆಯಲ್ಲಿ. ನಾಲ್ಕು ಕೆ ಎಂದು ಕರೆಯುವ ತೆರೆಯಲ್ಲಿ ಅಡ್ಡಲಾಗಿ 3840, ಉದ್ದಕ್ಕೆ 2160 ಚುಕ್ಕೆಗಳು. ಚುಕ್ಕೆಗೆ ಮೂರು ಬಣ್ಣದಂತೆ ಎರಡೂವರೆ ಕೋಟಿಗೆ ಸಮೀಪದ ದೀಪಗಳನ್ನು ಲೋಪವಿಲ್ಲದೆ ನೆಡಬೇಕು. ಬೆಲೆ ಇಳಿಯದಿರುವುದಕ್ಕೆ ಇದೇ ಮುಖ್ಯ ಕಾರಣ. ಇವುಗಳ ಜೊತೆಗೆ, ಗಾತ್ರ ಬದಲಾದಂತೆ ಬಣ್ಣ ಬದಲಿಸುವ ಕ್ವಾಂಟಮ್ ಬಿಂದುಗಳು ಈಗಾಗಲೇ ತೆರೆಗಳ ಬಣ್ಣವನ್ನು ಶುದ್ಧಗೊಳಿಸುತ್ತಿವೆ. ಅವುಗಳ ಶೋಧಕರಿಗೆ 2023ರ ರಸಾಯನವಿಜ್ಞಾನದ ನೊಬೆಲ್ ಸಂದಿದೆ.

ಮೂರನೆಯ ದಾರಿ ನನ್ನಂತಹವನಿಗೆ ಅತ್ಯಂತ ಪ್ರಿಯವಾದುದು. ನಮ್ಮ ಪೂರ್ವಿಕರು ತಾಳೆಗರಿಯ ಮೇಲೆ ಕಂಠದಿಂದ ಅಕ್ಷರ ಕೊರೆದು, ಮಸಿ ಪೂಸಿ ಒರೆಸುತ್ತಿದ್ದರು. ಗೀರಿನಲ್ಲಿ ಮಸಿ ನಿಂತು ಅಕ್ಷರ ಮೂಡುತ್ತಿತ್ತು. ಗರಿ ತಾನು ಬೆಳಗದು. ಸೂರ್ಯನ ಅಥವಾ ಹಣತೆಯ ಬೆಳಕಿನಲ್ಲಿ ಓದಿಸಿಕೊಳ್ಳುವುದು. ವಿದ್ಯುತ್ ಕಾಗದವೆಂಬ ತೆರೆಯ ಧರ್ಮವೂ ಇದೇ. ಅದರೊಳಗೆ ಸೂಕ್ಷ್ಮ ಗುಳಿಗೆಗಳಿದ್ದು, ಗುಳಿಗೆಯಲ್ಲಿ ಬಿಳಿಯ ಕಣಗಳೂ ಕರಿಯ ಕಣಗಳೂ ವಿರುದ್ಧ ವಿದ್ಯುದಂಶದಿಂದ ತೇಲುತ್ತಿರುತ್ತವೆ. ವಿದ್ಯುತ್ತು ಸೆಳೆದಂತೆ ಒಂದು ಬಣ್ಣ ಮೇಲಕ್ಕೆ ಬಂದು ಅಕ್ಷರವಾಗುತ್ತದೆ. ಬಂದ ಮೇಲೆ ವಿದ್ಯುತ್ತು ಇಲ್ಲದೆಯೇ ನಿಲ್ಲುತ್ತದೆ. ಪುಟ ತಿರುವಿದಾಗ ಮಾತ್ರ ಖರ್ಚು. ಬಿಸಿಲಿನಲ್ಲಿಯೂ ಇದು ಚೆನ್ನಾಗಿ ಕಾಣುತ್ತದೆ. ಚಲಚ್ಚಿತ್ರಕ್ಕೆ ಬೇಕಾದ ವೇಗ, ಬಣ್ಣಗಳ ಸಮೃದ್ಧಿ ಇದಕ್ಕಿನ್ನೂ ಸಿದ್ಧಿಸಿಲ್ಲ. ಆದರೆ ಗ್ರಂಥಪಠನಕ್ಕೆ ಇವು ಅನಿವಾರ್ಯವೇನಲ್ಲ.

ಈಗ ಕತ್ತೆಯ ಕತೆಗೆ ಮರಳೋಣ. ರೋಮನ್ ಅಕ್ಷರವನ್ನು ಅಡ್ಡಲಾಗಿ ಐದು, ಉದ್ದಕ್ಕೆ ಏಳು ಚುಕ್ಕೆಗಳ ಚೌಕಟ್ಟಿನಲ್ಲಿ ಕೂಡಿಸಿಬಿಡಬಹುದು. ಕನ್ನಡಕ್ಕೆ ಅದು ಸಾಲದು. ಮೇಲೆ ತಲೆಕಟ್ಟು, ಗುಡಿಸುಗಳು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. 'ಸ್ತ್ರೀ' ಎಂಬಲ್ಲಿ ಎರಡು ಒತ್ತುಗಳು. ನಮ್ಮ ಲಿಪಿಯ ಮನೆ ಮೂರು ಅಂತಸ್ತಿನದು. ಚುಕ್ಕೆಗಳು ವಿರಳವಾದಾಗ ಮೊದಲು ಕುಸಿಯುವುದು ಕೆಳಗಿನ ಅಂತಸ್ತು. ತೆರೆಯ ಹಳೆಯ ಕಾಲದಲ್ಲಿ ಅಂಗುಲಕ್ಕೆ ಎಪ್ಪತ್ತರ ಆಸುಪಾಸಿನಲ್ಲಿದ್ದ ಚುಕ್ಕೆಗಳು, ಇಂದಿನ 27 ಅಂಗುಲದ ನಾಲ್ಕು ಕೆ ಮಾನಿಟರಿನಲ್ಲಿ 163ರಷ್ಟಿವೆ. ಒಳ್ಳೆಯ ಕೈದೂರವಾಣಿಗಳಲ್ಲಿ ಮುನ್ನೂರನ್ನೂ ಮೀರಿವೆ. ಪರರಿಗೆ ಇದು ಕೇವಲ ಅಂದದ ಮಾತಾಗಬಹುದು. ಕನ್ನಡಕ್ಕೆ ಇದು ಅರ್ಥದ ಮಾತು.

ಆದುದರಿಂದ ವಿದ್ಯಾಸಂಸ್ಥೆಯ ಹಿತಚಿಂತಕರಾದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕೆಲವು ಅರಿಕೆಗಳನ್ನು ಮಾಡಿಕೊಳ್ಳುತ್ತೇನೆ. ತೆರೆಯನ್ನು ಕೊಡಮಾಡುವಾಗ ಅದರ ಅಗಲವನ್ನಷ್ಟೇ ಅಳೆಯದೆ ಅಂಗುಲಕ್ಕೆ ಎಷ್ಟು ಚುಕ್ಕೆಗಳೆಂದೂ ವಿಚಾರಿಸಬೇಕು. ಅಂಗಡಿಯಲ್ಲಿಯೇ ಒತ್ತಕ್ಷರಗಳಿರುವ ಕನ್ನಡ ಪುಟವೊಂದನ್ನು ತೆರೆಯಿಸಿ ಓದಿ ನೋಡಬೇಕು. ಒಂದೇ ಪಾಠ ಗಂಟೆಗಟ್ಟಲೆ ನಿಲ್ಲುವ ತರಗತಿಗೆ ಸವೆಯುವ ಓಎಲ್ಇಡಿಗಿಂತ ಸದ್ಯಕ್ಕೆ ದ್ರವಸ್ಫಟಿಕದ ತೆರೆಯೇ ಮೇಲು. ಗ್ರಂಥಾಲಯಕ್ಕೆ ವಿದ್ಯುತ್ ಕಾಗದದ ಓದುಗೆಗಳು ಒಪ್ಪುತ್ತವೆ. ಕೆಟ್ಟುಹೋದ ಹಳೆಯ ಮಾನಿಟರುಗಳನ್ನು ಶಾಲೆಗೆ ದಾನ ಮಾಡುವುದಕ್ಕಿಂತ, 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳಂತೆ ನೋಂದಾಯಿತ ಪುನರ್ಬಳಕೆದಾರರಿಗೆ ಒಪ್ಪಿಸುವುದು ನಿಜವಾದ ಪುಣ್ಯ. ಅಧ್ಯಾಪಕ ಬಂಧುಗಳಿಗೂ ಒಂದು ಮಾತು: ಇಪ್ಪತ್ತು ಅಡಿ ದೂರದಿಂದ ಆರೋಗ್ಯವಂತ ಕಣ್ಣು ಎರಡು ಗೆರೆಗಳನ್ನು ಬೇರೆಬೇರೆಯಾಗಿ ಕಾಣಲು ಅವುಗಳ ನಡುವೆ ಹತ್ತಿರಹತ್ತಿರ ಎರಡು ಮಿಲಿಮೀಟರು ಅಂತರ ಬೇಕು. ತೆರೆ ಎಷ್ಟೇ ಉತ್ತಮವಾಗಿದ್ದರೂ ಅಕ್ಷರಗಳು ಸಣ್ಣವಾದರೆ ಹಿಂದಿನ ಬೆಂಚಿನ ಮಗುವಿಗೆ ಒತ್ತು ಕಾಣದು.

ಯಂತ್ರಗಳು ಬದಲಾಗುತ್ತವೆ. ಗರಿ ಹೋಗಿ ಕಾಗದ ಬಂತು, ಕಾಗದದ ಪಕ್ಕದಲ್ಲಿ ಗಾಜು ಬಂದು ನಿಂತಿದೆ. ನಾಳೆ ಬರುವುದು ಮಡಿಸುವ ತೆರೆಯೋ, ಕನ್ನಡಕದಲ್ಲಿಯೇ ಅಡಗುವ ತೆರೆಯೋ, ಅದನ್ನು ರೂಪಿಸುವವರು ನಮ್ಮ ಲಿಪಿಯ ಮೂರು ಅಂತಸ್ತುಗಳನ್ನು ತಾವಾಗಿ ನೆನೆಯುವರೆಂದು ನೆಚ್ಚಿ ಕೂರುವಂತಿಲ್ಲ. ಕೇಳಿ ಪಡೆಯುವ ಹೊಣೆ ಕನ್ನಡವನ್ನು ಓದುವ ನಮ್ಮದು. ಈ ಶಾಲೆಯಲ್ಲಿ ಅಕ್ಷರ ಕಲಿತು ಇಂದು ದೇಶವಿದೇಶಗಳ ಯಂತ್ರಶಾಲೆಗಳಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳು ಆ ಹೊಣೆಯಲ್ಲಿ ಪಾಲುಗೊಳ್ಳಲಿ, ಮುಂದಿನ ತಲೆಮಾರಿನ ಯಾವ ಬಾಲಕನೂ ತೆರೆಯ ತಪ್ಪಿಗಾಗಿ ತರಗತಿಯಲ್ಲಿ ನಗೆಗೀಡಾಗದಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.