ಕಲ್ಲಿನ ಗುಡಾಣಗಳ ಬಯಲು

ದಿಬ್ಬ ಹತ್ತಿದ ಕೂಡಲೇ ಹುಲ್ಲಿನ ನಡುವೆ ಕಲ್ಲಿನ ಗುಡಾಣಗಳು ಎದುರಾಗುತ್ತವೆ. ಕೆಲವು ನೆಟ್ಟಗಿವೆ, ಕೆಲವು ವಾಲಿವೆ, ಕೆಲವು ಒಡೆದು ಹೋಳಾಗಿವೆ. ಲಾವೋಸ್ ದೇಶದ ಶಿಯೆಂಗ್‌ಖುವಾಂಗ್ ಪ್ರಾಂತ್ಯದ ಈ ಒಂದೇ ತಾಣದಲ್ಲಿ ಇಂಥವು 300ಕ್ಕೂ ಹೆಚ್ಚಿವೆ. ಎಲ್ಲಕ್ಕಿಂತ ದೊಡ್ಡದು ಸುಮಾರು ಎರಡೂವರೆ ಮೀಟರ್ ಎತ್ತರ. ಎದೆಮಟ್ಟದ ಒಂದರೊಳಗೆ ಬಗ್ಗಿ ನೋಡಿದೆ: ಮಳೆನೀರು, ಪಾಚಿ, ಕೊಳೆತ ತರಗೆಲೆ.

ಇದು ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದ ಪ್ರಸ್ಥಭೂಮಿ. ಸುತ್ತಲೂ ಬೆಟ್ಟಸಾಲು. ಮೆಕಾಂಗ್ ಕಣಿವೆಯಿಂದ ವಿಯೆಟ್ನಾಂ ಕಡೆಗೆ ಹಾಯುವವರಿಗೆ ಇಂಥ ಬಯಲು ಸಲೀಸು ದಾರಿ. ಈ ನಾಡಿಗೆ ಸಿರಿ ಬಂದದ್ದೂ ಸಂಕಟ ಬಂದದ್ದೂ ಅದೇ ದಾರಿಯಲ್ಲಿ.

1930ರ ದಶಕದಲ್ಲಿ ಇಲ್ಲಿ ಉತ್ಖನನ ನಡೆಸಿದ ಫ್ರೆಂಚ್ ಪುರಾತತ್ವಜ್ಞೆ ಮೇಡಲಿನ್ ಕೊಲಾನಿ ಅವರಿಗೆ ಸುಟ್ಟ ಮೂಳೆ, ಗಾಜಿನ ಮಣಿ, ಕಬ್ಬಿಣದ ಸಾಮಾನು ಸಿಕ್ಕವು. ಈ ಗುಡಾಣಗಳು ಕಬ್ಬಿಣ ಯುಗದ ಶವಸಂಸ್ಕಾರದ ಪಾತ್ರೆಗಳು, ವ್ಯಾಪಾರದ ದಾರಿಗುಂಟ ಹಬ್ಬಿದವು ಎಂದರು ಅವರು. ಅಸ್ಸಾಮಿನ ಗುಡ್ಡಗಳಲ್ಲಿರುವ ಕಲ್ಲುಭರಣಿಗಳ ಜತೆ ಇವನ್ನು ಹೋಲಿಸಿಯೂ ನೋಡಿದ್ದರು. ಊರವರ ಕಥೆಯೇ ಬೇರೆ. ಯುದ್ಧ ಗೆದ್ದ ಖುನ್ ಚೆಯುಂಗ್ ಎಂಬ ದೊರೆ ಅಕ್ಕಿಯ ಹೆಂಡ ಇಳಿಸಲು ಮಾಡಿಸಿದ್ದಂತೆ!

ಗುಡಾಣಗಳ ನಡುವಿನ ದೊಡ್ಡ ಕುಳಿಗಳು ಮಾತ್ರ ಇತ್ತೀಚಿನವು. 1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು. ಅದರಲ್ಲಿ ಈ ಪ್ರಾಂತ್ಯಕ್ಕೆ ಬಿದ್ದ ಪಾಲು ದೊಡ್ಡದು. ಫುವಾನ್ ಅರಸರ ಹಳೆಯ ರಾಜಧಾನಿ ಮುವಾಂಗ್ ಖೂನ್ ನೆಲಸಮವಾಯಿತು. ಅಲ್ಲಿನ ವಾಟ್ ಫಿಯಾ ವಾಟ್ ವಿಹಾರದಲ್ಲಿ ಈಗ ಉಳಿದಿರುವುದು ಕೆಲವು ಕಂಬ, ಬಯಲಲ್ಲಿ ಕುಳಿತ ಬುದ್ಧ. ಯುದ್ಧ ಮುಗಿದ ಮೇಲೆ ಫೋನ್ಸವನ್ ಊರು ಈ ಪ್ರಾಂತ್ಯದ ಕೇಂದ್ರವಾಯಿತು. ಬಾನ್ ನಾಪಿಯಾ ಹಳ್ಳಿಯವರು ಯುದ್ಧದ ಗುಜರಿ ಅಲ್ಯೂಮಿನಿಯಂ ಕರಗಿಸಿ, ಅಚ್ಚಿಗೆ ಹೊಯ್ದು ಚಮಚ ಮಾಡಿ ಮಾರುತ್ತಾರೆ.

ಆದರೆ ಸಿಡಿಯದೆ ಉಳಿದ ಕಿರುಬಾಂಬುಗಳು, ಜನ 'ಬಾಂಬಿ' ಎನ್ನುವ ಟೆನಿಸ್ ಚೆಂಡಿನಷ್ಟರವು, ಇನ್ನೂ ಗದ್ದೆಗಳಲ್ಲಿವೆ. ಗುದ್ದಲಿ ತಾಗಿದರೆ ಸಿಡಿಯುತ್ತವೆ. 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಬಯಲಿನಲ್ಲೂ ಶೋಧಿಸಿದ ನೆಲಕ್ಕೆ ಗುರುತುಕಲ್ಲು ಹಾಕಿದ್ದಾರೆ. ಬಿಳಿ ಬಣ್ಣದ ಕಡೆ ನೆಲದೊಳಗೂ ಹುಡುಕಿ ತೆಗೆದಿದ್ದಾರೆ. ಕೆಂಪು ಕಡೆ ಮೇಲ್ಮೈ ಮಾತ್ರ.

ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಲು ಒಳ್ಳೆಯ ಕಾಲ, ಸ್ವೆಟರ್ ಇರಲಿ. ಫೋಟೊಗೆಂದು ಎರಡು ಹೆಜ್ಜೆ ಹಿಂದೆ ಸರಿಯುವ ಮುನ್ನ ಗುರುತುಕಲ್ಲಿನ ಬಣ್ಣ ನೋಡಿಕೊಳ್ಳಿ.