ತಟ್ಟೆಯಲ್ಲಿ ಉಂಡ ಕುರಿಮರಿ

ದೇವಸಮುದ್ರದ ಕಡೆಯ ಹಟ್ಟಿಗಳಲ್ಲಿ ತಾಯಿ ಸತ್ತ ಮರಿಯನ್ನು ರೊಪ್ಪದಲ್ಲಿ ಬಿಡುವುದಿಲ್ಲ. ಮನೆಯೊಳಗೆ ತಂದು, ಬೇರೆ ಕುರಿಯ ಹಾಲು ಕರೆದು ಬಾಟಲಿಯಲ್ಲಿ ಕುಡಿಸುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅದು ಮಕ್ಕಳ ಹಿಂದೆಯೇ ಓಡಾಡುತ್ತದೆ, ಮುದ್ದೆ ಉಣ್ಣುವಾಗ ತಟ್ಟೆಗೆ ಮೂತಿ ಹಾಕುತ್ತದೆ, ರಾತ್ರಿ ಕಂಬಳಿಯೊಳಗೆ ನುಸುಳುತ್ತದೆ. ಮಾರುವ ದಿನ ಬಂದರೆ ಮನೆಯ ಹೆಂಗಸರು ‘ಅದೊಂದು ಇರ್ಲಿ ಬಿಡು’ ಅನ್ನುತ್ತಾರೆ.

ಬೈಬಲಿನ ಎರಡನೆಯ ಸಮುವೇಲನ ಪುಸ್ತಕದ 12ನೇ ಅಧ್ಯಾಯದಲ್ಲಿ ಇಂಥದೇ ಒಂದು ಮರಿ ಇದೆ. ಇಡೀ ಬೈಬಲ್ 1831ರಲ್ಲಿ ಕನ್ನಡಕ್ಕೆ ಬಂದದ್ದು ಇಲ್ಲೇ ಪಕ್ಕದ ಬಳ್ಳಾರಿಯಲ್ಲಿ, ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ. ಈ ಸೀಮೆಯವರಿಗೆ ಆ ಕಥೆಯನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲವೇನೋ.

ದಾವೀದ ದೊರೆ ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಂಡ. ವಿಷಯ ಮುಚ್ಚಿಹಾಕಲು ಊರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಸಾಯಿಸಿದ. ಪ್ರವಾದಿ ನಾತಾನ ದೊರೆಯ ಮುಂದೆ ಬಂದು ಆರೋಪ ಮಾಡಲಿಲ್ಲ, ಊರಿನ ವ್ಯಾಜ್ಯವೊಂದನ್ನು ಹೇಳಿದ: ಒಬ್ಬ ಶ್ರೀಮಂತನಿಗೆ ಮಂದೆಗಟ್ಟಲೆ ಕುರಿ, ದನ. ಒಬ್ಬ ಬಡವನಿಗೆ ಒಂದೇ ಹೆಣ್ಣುಮರಿ. ಅದು ಅವನ ಮಕ್ಕಳ ಜೊತೆ ಬೆಳೆದದ್ದು, ಅವನ ಅನ್ನದಲ್ಲೇ ಪಾಲು ಪಡೆದದ್ದು, ಮಗಳ ಹಾಗೆ ಮಡಿಲಲ್ಲಿ ಮಲಗುತ್ತಿದ್ದದ್ದು. ಶ್ರೀಮಂತನ ಮನೆಗೆ ಅತಿಥಿ ಬಂದ. ತನ್ನ ಮಂದೆಯಿಂದ ಒಂದು ಕೊಯ್ಯಲು ಮನಸ್ಸಾಗದೆ ಬಡವನ ಮರಿಯನ್ನು ಹಿಡಿದು ತಂದು ಅಡುಗೆ ಮಾಡಿಸಿದ. ದಾವೀದ ಕೆರಳಿದ. ಅವನಿಗೆ ಸಾವೇ ತಕ್ಕದ್ದು, ಒಂದಕ್ಕೆ ನಾಲ್ಕು ಕಟ್ಟಿಕೊಡಲಿ ಎಂದ. ಆ ಶ್ರೀಮಂತ ಬೇರೆ ಯಾರೂ ಅಲ್ಲ, ದೊರೆಯೇ ಎಂದು ನಾತಾನ ಹೇಳಿದ್ದು ಆಗ.

ದಾವೀದ ಬೇತ್ಲೆಹೇಮಿನಲ್ಲಿ ಅಪ್ಪನ ಕುರಿ ಕಾದು ಬೆಳೆದವನು. ಒಂಟಿ ಮರಿಯ ಬೆಲೆ ಅವನಿಗೆ ಗೊತ್ತಿತ್ತು, ಸಿಂಹಾಸನದ ಮೇಲೆ ಮರೆತಿದ್ದ. ನಾತಾನ ಅವನನ್ನು ಮತ್ತೆ ರೊಪ್ಪಕ್ಕೆ ಕರೆದೊಯ್ದ. ಕಥೆಯಲ್ಲಿ ನನಗೆ ನೋವಾಗುವುದು ಒಂದೇ: ಮರಿಗೆ ಹೋಲಿಸಲ್ಪಟ್ಟ ಬತ್ಷೆಬೆಯನ್ನು ಯಾರೂ ಮಾತನಾಡಿಸುವುದಿಲ್ಲ.

ಚಳ್ಳಕೆರೆಯ ಅಮೃತಮಹಲ್ ಕಾವಲನ್ನು ನೋಡಿದಾಗಲೆಲ್ಲ ನನಗೆ ಆ ಅತಿಥಿಯ ನೆನಪಾಗುತ್ತದೆ. ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲು ಅದು. ಸುತ್ತಲ ಹಳ್ಳಿಗಳ ಕುರಿ, ಮೇಕೆ, ದೇವರ ಎತ್ತುಗಳಿಗೂ ಅದೇ ಆಸರೆ. ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ ಹಂಚಿಕೆಯಾಯಿತು. ಜನ ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು, 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯೂ ಆಯಿತು.

ದೇಶಕ್ಕೆ ವಿಮಾನ ಬೇಕು, ವಿಜ್ಞಾನ ಬೇಕು. ಕಥೆಯ ಅತಿಥಿಯೂ ತಪ್ಪು ಮಾಡಿದವನಲ್ಲ; ಹಸಿದು ಬಂದವನಿಗೆ ಊಟ ಹಾಕಲೇಬೇಕು. ಯಾರ ರೊಪ್ಪದ ಮರಿ ಅನ್ನುವುದೇ ಪ್ರಶ್ನೆ. ಮೋಶೆಯ ಕಾನೂನಿನಲ್ಲಿ ಕದ್ದ ಕುರಿಗೆ ನಾಲ್ಕು ಕುರಿ ಕೊಡಬೇಕಿತ್ತು. ನಮ್ಮಲ್ಲಿ ಪಹಣಿಯಲ್ಲಿ ಹೆಸರಿದ್ದವನಿಗೆ ಪರಿಹಾರದ ಲೆಕ್ಕವಾದರೂ ಇದೆ. ತಲೆಮಾರಿನಿಂದ ಕಾವಲಿನಲ್ಲಿ ಕುರಿ ಮೇಯಿಸಿದವನ ಹೆಸರು ಯಾವ ಕಾಗದದಲ್ಲಿದೆ? ಕಡತ ಅದನ್ನು ಸರ್ಕಾರಿ ಜಮೀನು ಅನ್ನುತ್ತದೆ. ಹಟ್ಟಿಯವರಿಗೆ ಅದು ಉಣ್ಣುವ ತಟ್ಟೆ.

ತಾಲ್ಲೂಕು ಕಚೇರಿಯಿಂದ ವಿಧಾನಸೌಧದವರೆಗೆ ಕುರ್ಚಿ ಹಿಡಿದವರಲ್ಲಿ ಬಾಲ್ಯದಲ್ಲಿ ಕುರಿ ಕಾಯ್ದವರು ಬೇಕಾದಷ್ಟಿದ್ದಾರೆ. ಕಡತಕ್ಕೆ ಸಹಿ ಹಾಕುವ ಮುನ್ನ ಅವರು ಒಂದು ಸಂಜೆ ಹಟ್ಟಿಗೆ ಬಂದು ಕೂರಬೇಕು ಎಂದು ನನ್ನ ಬೇಡಿಕೆ.

ಸುಗ್ಗಿ ಮುಗಿದರೆ ಮಂದೆಗಳು ಮೇವು ಅರಸಿ ನೀರಾವರಿ ಊರುಗಳತ್ತ ಹೊರಡುತ್ತವೆ. ನಡೆಯಲಾರದ ಎಳೆ ಮರಿಗಳು ಹೆಗಲ ಕಂಬಳಿಯ ಮಡಿಕೆಯಲ್ಲಿ, ಮೂತಿಯಷ್ಟೇ ಹೊರಗಿಟ್ಟು ಸಾಗುತ್ತವೆ.